ಬಾಡಿಗೆ ಮನೆಯ ಕರಾರು ಮತ್ತು ಸಹವಾಸಿಗಳ ವ್ಯಾಜ್ಯ (ಕರ್ನಾಟಕ)

ಬಾಡಿಗೆ ಮನೆಯ ಕರಾರು ಎಂಬುದು ಒಂದು ಮನೆಯನ್ನು ಅಥವಾ ಅದರ ಭಾಗವನ್ನು ಗೊತ್ತಾದ ಅವಧಿಗೆ, ಗೊತ್ತಾದ ಪ್ರತಿಫಲಕ್ಕೆ ಅನುಭೋಗಿಸುವ ಹಕ್ಕನ್ನು ಮಾಲೀಕರು ಬಾಡಿಗೆದಾರರಿಗೆ ನೀಡುವ ಒಪ್ಪಂದವಾಗಿದೆ. ಈ ಒಪ್ಪಂದದಿಂದ ಹುಟ್ಟುವ ಹಕ್ಕು ಮತ್ತು ಹೊಣೆಗಳನ್ನು ಭಾರತದಲ್ಲಿ ಒಂದೇ ಶಾಸನವು ನಿರ್ಧರಿಸುವುದಿಲ್ಲ. ಆಸ್ತಿ ವರ್ಗಾವಣೆ, ಕರಾರು, ನೋಂದಣಿ, ಮುದ್ರಾಂಕ ಇವುಗಳಿಗೆ ಸಂಬಂಧಿಸಿದ ಕೇಂದ್ರ ಹಾಗೂ ರಾಜ್ಯದ ಹಲವು ಕಾಯ್ದೆಗಳು ಇಲ್ಲಿ ಕೂಡಿಕೊಳ್ಳುತ್ತವೆ. ಒಂದೇ ಮನೆಯನ್ನು ಹಲವರು ಸೇರಿ ಬಾಡಿಗೆಗೆ ಪಡೆದಾಗ ಅವರವರ ನಡುವಿನ ಲೆಕ್ಕಾಚಾರವೂ ಇದೇ ಕಾಯ್ದೆಗಳ ವ್ಯಾಪ್ತಿಗೆ ಬರುತ್ತದೆ.

ಸ್ಥೂಲವಾಗಿ ಹೇಳುವುದಾದರೆ, ಬಾಡಿಗೆದಾರರ ಸ್ವಾಧೀನವನ್ನು ಕಾನೂನು ಬಲವಾಗಿ ಕಾಯುತ್ತದೆ. ಅವರು ಕೊಟ್ಟ ಮುಂಗಡ ಹಣವನ್ನು ಅಷ್ಟೇ ಬಲವಾಗಿ ಕಾಯುವುದಿಲ್ಲ. ಹಣದ ರಕ್ಷಣೆಯು ಬಹುಪಾಲು ಬರೆದಿಟ್ಟ ಕಾಗದವನ್ನೇ ಅವಲಂಬಿಸಿದೆ. ಮಾಲೀಕರು ನಾಳೆಯೇ ಬೀದಿಗೆ ತಳ್ಳಿಯಾರು ಎಂದು ಹೆದರುವವರು ಹಲವರು. ಲಕ್ಷಗಟ್ಟಲೆ ಹಣ ಕೊಡುವಾಗ ಕಾಗದವನ್ನು ಓದುವವರು ಕೆಲವರೇ.

ಅನ್ವಯಿಸುವ ಕಾನೂನುಗಳು

ರಾಜ್ಯಗಳ ಪುನರ್ವಿಂಗಡಣೆಯ ನಂತರ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸು ಮತ್ತು ಕೊಡಗು ಭಾಗಗಳಲ್ಲಿ ಬಳಕೆಯಲ್ಲಿದ್ದ ಬೇರೆ ಬೇರೆ ಬಾಡಿಗೆ ನಿಯಂತ್ರಣ ನಿಯಮಗಳ ಸ್ಥಾನದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂದಿತು. ಅದನ್ನು ರದ್ದುಪಡಿಸಿದ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಎಂಬುದು 2001ರ ಡಿಸೆಂಬರ್ 31ರಂದು ಜಾರಿಗೆ ಬಂದಿತು. ಹೆಸರನ್ನು ಕಂಡು ರಾಜ್ಯದ ಎಲ್ಲ ಬಾಡಿಗೆ ಮನೆಗಳಿಗೂ ಇದು ಅನ್ವಯಿಸುತ್ತದೆ ಎಂದು ಭಾವಿಸುವುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಅಧಿನಿಯಮದ ಮೊದಲ ಅನುಸೂಚಿಯ ಎ ಭಾಗದಲ್ಲಿ ಹೇಳಿರುವ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಇತರ ಪ್ರದೇಶಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಈ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಇಂದಿನ ಬೆಂಗಳೂರಿನಲ್ಲಿ 3,500 ರೂಪಾಯಿಗೆ ಒಂದು ಕೋಣೆ ಸಿಕ್ಕುವುದೂ ಕಷ್ಟ. ಹೀಗಾಗಿ ಹಳೆಯ ಬಾಡಿಗೆದಾರರ ಕೆಲವು ಮನೆಗಳನ್ನು ಬಿಟ್ಟರೆ ನಗರದ ಬಹುತೇಕ ಮನೆಗಳಿಗೆ ಆಸ್ತಿ ವರ್ಗಾವಣೆ ಅಧಿನಿಯಮ, 1882 ಮತ್ತು ಭಾರತೀಯ ಕರಾರು ಅಧಿನಿಯಮ, 1872 ಇವೇ ಆಧಾರ. ಇವೆರಡರಲ್ಲಿಯೂ ಬಾಡಿಗೆಯ ಮೊತ್ತಕ್ಕಾಗಲಿ ಮುಂಗಡಕ್ಕಾಗಲಿ ಮಿತಿಯಿಲ್ಲ.

ಕೇಂದ್ರ ಸಂಪುಟವು 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಯೊಂದಕ್ಕೆ ಒಪ್ಪಿಗೆ ನೀಡಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಮುಂಗಡ ಪಡೆಯಬಾರದು, ಮನೆಯೊಳಗೆ ಬರುವ 24 ಗಂಟೆ ಮೊದಲು ಮಾಲೀಕರು ತಿಳಿಸಬೇಕು ಎಂಬವು ಅದರಲ್ಲಿವೆ. ಆದರೆ ಅದು ಮಾದರಿ ಮಾತ್ರ. ರಾಜ್ಯವು ಶಾಸನ ಮಾಡಿಕೊಂಡಲ್ಲಿ ಮಾತ್ರ ಅದಕ್ಕೆ ಬಲ ಬರುತ್ತದೆ. ಆ ಎರಡು ತಿಂಗಳ ಮಿತಿಯನ್ನು ಎಲ್ಲೆಡೆಯೂ ಜಾರಿಯಲ್ಲಿರುವ ಕಾನೂನೆಂದು ಉಲ್ಲೇಖಿಸುವುದು ಸರಿಯಲ್ಲ.

ಗುತ್ತಿಗೆ ಮತ್ತು ಅನುಮತಿ

ಕಾನೂನು ಎರಡು ಬಗೆಯ ವಾಸವನ್ನು ಬೇರ್ಪಡಿಸುತ್ತದೆ. ಮನೆಯನ್ನು ಅನುಭೋಗಿಸುವ ಹಕ್ಕೇ ವರ್ಗಾವಣೆಯಾದರೆ ಅದು ಗುತ್ತಿಗೆ. ಅಂತಹ ಹಕ್ಕು ಹುಟ್ಟದೆ, ಇರಲು ಒಪ್ಪಿಗೆ ಮಾತ್ರ ದೊರೆತರೆ ಅದು ಅನುಮತಿ. ಈ ಅನುಮತಿಯ ವ್ಯಾಖ್ಯೆಯು 1882ರ ಈಸ್‌ಮೆಂಟ್ ಅಧಿನಿಯಮದ 52ನೆಯ ಕಲಮಿನಲ್ಲಿದೆ. ಅಸೋಸಿಯೇಟೆಡ್ ಹೋಟೆಲ್ಸ್ ವಿರುದ್ಧ ಆರ್.ಎನ್. ಕಪೂರ್ ಪ್ರಕರಣದಲ್ಲಿ (1959) ಸರ್ವೋಚ್ಚ ನ್ಯಾಯಾಲಯವು ಕಾಗದದ ತಲೆಬರಹಕ್ಕಿಂತ ವ್ಯವಹಾರದ ಸಾರವೇ ಮುಖ್ಯವೆಂದಿತು. ಪತ್ರದ ಮೇಲೆ ‘ಅನುಮತಿ ಪತ್ರ’ ಎಂದು ಬರೆದ ಮಾತ್ರಕ್ಕೆ ಗುತ್ತಿಗೆಯು ಅನುಮತಿಯಾಗುವುದಿಲ್ಲ.

ಊಟ, ವಸತಿ ಎರಡನ್ನೂ ಕೊಡುವ ಪಿ.ಜಿ.ಗಳಲ್ಲಿ ಇರುವವರು ಸಾಮಾನ್ಯವಾಗಿ ಅನುಮತಿದಾರರು, ಬಾಡಿಗೆದಾರರಲ್ಲ. ಅವರ ವಾಸದ ಹಕ್ಕು ದುರ್ಬಲ. ಆದರೆ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಲ್ಲಿ ‘ಸೇವೆ’ ಎಂಬ ಪದವು ಊಟ ಮತ್ತು ವಸತಿಯನ್ನು ಒಳಗೊಂಡಿರುವುದರಿಂದ, ಠೇವಣಿ ಹಿಂದಿರುಗಿಸದಿದ್ದಾಗ ಅವರು ಗ್ರಾಹಕ ಆಯೋಗದ ಮೊರೆ ಹೋಗಬಹುದು.

ಹನ್ನೊಂದು ತಿಂಗಳ ಕರಾರು

ಮನೆ ಕರಾರುಗಳೆಲ್ಲ ಹನ್ನೊಂದು ತಿಂಗಳಿಗೇ ಏಕೆ ಇರುತ್ತವೆ ಎಂಬುದು ವಿದ್ಯಾರ್ಥಿಗಳು ಆಗಾಗ ಕೇಳುವ ಪ್ರಶ್ನೆ. ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು ನೋಂದಾಯಿತ ಪತ್ರದ ಮೂಲಕವೇ ಮಾಡಬೇಕೆಂದು ಆಸ್ತಿ ವರ್ಗಾವಣೆ ಅಧಿನಿಯಮದ 107ನೆಯ ಕಲಂ ಮತ್ತು ನೋಂದಣಿ ಅಧಿನಿಯಮ, 1908ರ 17ನೆಯ ಕಲಂ ಹೇಳುತ್ತವೆ. ನೋಂದಣಿಯ ಖರ್ಚನ್ನೂ ಓಡಾಟವನ್ನೂ ತಪ್ಪಿಸಿಕೊಳ್ಳಲು ಹುಟ್ಟಿದ ರೂಢಿಯೇ ಹನ್ನೊಂದು ತಿಂಗಳು. ಈ ಸಂಖ್ಯೆಗೆ ಬೇರಾವ ಮಹತ್ವವೂ ಇಲ್ಲ.

ನೋಂದಣಿ ಬೇಡವಾದರೂ ಮುದ್ರಾಂಕ ಶುಲ್ಕ ತಪ್ಪುವುದಿಲ್ಲ. ಶುಲ್ಕ ಕಡಿಮೆಯಿರುವ ಪತ್ರವನ್ನು ನ್ಯಾಯಾಲಯವು ಸಾಕ್ಷ್ಯವಾಗಿ ಸ್ವೀಕರಿಸಬೇಕಾದರೆ ಬಾಕಿ ಶುಲ್ಕದ ಹತ್ತು ಪಟ್ಟಿನ ತನಕ ದಂಡ ತೆರಬೇಕಾಗಬಹುದು (ಕರ್ನಾಟಕ ಮುದ್ರಾಂಕ ಅಧಿನಿಯಮ, 1957, ಕಲಂ 34). ಜಗಳವಿಲ್ಲದ ತನಕ ಯಾರೂ ಈ ಕೊರತೆಯನ್ನು ಗಮನಿಸುವುದಿಲ್ಲ.

ಅವಧಿ ಮುಗಿದ ಮೇಲೂ ಬಾಡಿಗೆದಾರರು ಮನೆಯಲ್ಲಿ ಮುಂದುವರಿದು, ಮಾಲೀಕರು ಬಾಡಿಗೆಯನ್ನು ಸ್ವೀಕರಿಸುತ್ತ ಹೋದರೆ, 116ನೆಯ ಕಲಮಿನಂತೆ ವಾಸದ ಮನೆಯ ಗುತ್ತಿಗೆಯು ತಿಂಗಳಿಂದ ತಿಂಗಳಿಗೆ ನವೀಕರಣಗೊಳ್ಳುತ್ತದೆ. ಅದನ್ನು ಕೊನೆಗೊಳಿಸಲು ಯಾವುದೇ ಪಕ್ಷದವರು 15 ದಿನಗಳ ಲಿಖಿತ ನೋಟಿಸು ಕೊಡಬೇಕು (ಕಲಂ 106). ಕರಾರಿನಲ್ಲಿ ಒಂದು ಅಥವಾ ಎರಡು ತಿಂಗಳ ನೋಟಿಸು ಎಂದು ಬರೆದಿದ್ದರೆ ಅದೇ ಊರ್ಜಿತ.

ಎರಡೂ ಕಡೆಯ ಹೊಣೆಗಳು

ಕರಾರು ಮೌನವಾಗಿರುವಲ್ಲಿ 108ನೆಯ ಕಲಂ ಮಾತನಾಡುತ್ತದೆ. ಮನೆಯಲ್ಲಿ ಮೇಲ್ನೋಟಕ್ಕೆ ಕಾಣದ ದೋಷವಿದ್ದು, ಅದು ಮಾಲೀಕರಿಗೆ ತಿಳಿದಿದ್ದರೆ ಅವರು ಅದನ್ನು ಮೊದಲೇ ಹೇಳಬೇಕು. ಬಾಡಿಗೆ ಕೊಡುತ್ತಿರುವವರೆಗೆ ಬಾಡಿಗೆದಾರರ ನೆಮ್ಮದಿಯ ಅನುಭೋಗಕ್ಕೆ ಅಡ್ಡಿ ಮಾಡಕೂಡದು. ತಾನು ಮಾಡಿಸಬೇಕಾದ ದುರಸ್ತಿಯನ್ನು ನೋಟಿಸು ಕೊಟ್ಟ ಮೇಲೂ ಯುಕ್ತ ಕಾಲದಲ್ಲಿ ಮಾಲೀಕರು ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ ಆ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮಳೆಗಾಲದಲ್ಲಿ ಸೋರುವ ತಾರಸಿಯ ಕೆಳಗೆ ಬಕೆಟ್ಟು ಇಟ್ಟು ಕಾಯುವವರಿಗೆ ಈ ಉಪಕಲಂ ತಿಳಿದಿರುವುದು ಒಳ್ಳೆಯದು. ನೋಟಿಸು ಬರವಣಿಗೆಯಲ್ಲಿರಲಿ, ರಸೀತಿಗಳು ಜೋಪಾನವಾಗಿರಲಿ.

ಬಾಡಿಗೆದಾರರು ಸಕಾಲದಲ್ಲಿ ಬಾಡಿಗೆ ಕೊಡಬೇಕು. ಮನೆಯನ್ನು ತನ್ನದೇ ಎಂಬಂತೆ ಜಾಗರೂಕತೆಯಿಂದ ಬಳಸಬೇಕು. ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಕಟ್ಟಬಾರದು. ಬಿಡುವಾಗ ಪಡೆದ ಸ್ಥಿತಿಯಲ್ಲಿಯೇ ಒಪ್ಪಿಸಬೇಕು. ಕಾಲಸಹಜವಾದ ಸವಕಳಿಗೆ ಮಾತ್ರ ಅವರು ಹೊಣೆಯಲ್ಲ. ಮನೆಯನ್ನು ಬೇರೊಬ್ಬರಿಗೆ ಮಾರಿದರೆ ಗುತ್ತಿಗೆ ಮುರಿದು ಬೀಳುವುದಿಲ್ಲ. ಹೊಸ ಮಾಲೀಕರು ಹಳಬರ ಸ್ಥಾನದಲ್ಲಿ ನಿಲ್ಲುತ್ತಾರೆ (ಕಲಂ 109). ಆಗ ಹಳೆಯ ಮುಂಗಡವು ಹೊಸಬರ ಕೈಗೆ ದಾಟಿದೆ ಎಂಬುದಕ್ಕೆ ಇಬ್ಬರಿಂದಲೂ ಪತ್ರ ಪಡೆದುಕೊಳ್ಳುವುದು ಅವಶ್ಯ.

ಮುಂಗಡ ಹಣ

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ರೂಢಿ ಬಹುಕಾಲ ನಡೆದುಬಂದಿದೆ. ಈ ಹಣವು ಮಾಲೀಕರ ಕೈಯಲ್ಲಿರುವ ಬಾಡಿಗೆದಾರರ ಹಣವೇ ಹೊರತು ಕಾಣಿಕೆಯಲ್ಲ. ಮನೆ ಒಪ್ಪಿಸಿದ ಮೇಲೆ ಬಾಕಿ ಬಾಡಿಗೆ ಮತ್ತು ನಿಜವಾದ ಹಾನಿಯನ್ನು ಕಳೆದು ಉಳಿದದ್ದನ್ನು ಹಿಂದಿರುಗಿಸಬೇಕು. ‘ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ’ ಎಂಬುದು ಶಾಸನದ ನಿಯಮವಲ್ಲ. ಕರಾರಿನಲ್ಲಿದ್ದರೆ ಮಾತ್ರ ಅದಕ್ಕೆ ಆಧಾರ. ಅವಧಿಗೆ ಮೊದಲು ಬಿಟ್ಟರೆ ಇಷ್ಟು ದಂಡ ಎಂದು ಬರೆದಿದ್ದರೂ, ಕರಾರು ಅಧಿನಿಯಮದ 74ನೆಯ ಕಲಮಿನಂತೆ ನ್ಯಾಯಾಲಯವು ಕೊಡಿಸುವುದು ಯುಕ್ತವಾದ ಪರಿಹಾರವನ್ನು. ಬರೆದ ಮೊತ್ತವು ಅದರ ಮೇಲಿನ ಮಿತಿ ಮಾತ್ರ.

ಮುಂಗಡ ಬರುವುದಿಲ್ಲವೆಂಬ ಭಯದಿಂದ ಕೊನೆಯ ತಿಂಗಳುಗಳ ಬಾಡಿಗೆಯನ್ನು ಕೊಡದೆ ನಿಲ್ಲಿಸುವವರಿದ್ದಾರೆ. ಕರಾರು ಒಪ್ಪದ ಹೊರತು ಇದು ಬಾಡಿಗೆ ಬಾಕಿಯೇ ಆಗುತ್ತದೆ. ಬೀಗದ ಕೈ ಮತ್ತು ಹಣ ಒಂದೇ ದಿನ ಕೈಬದಲಾಗಬೇಕೆಂದು ಕರಾರಿನಲ್ಲಿಯೇ ಬರೆಸುವುದು ಇದಕ್ಕಿಂತ ಉತ್ತಮ. ಮನೆ ಹೊಕ್ಕ ದಿನ ಮತ್ತು ಬಿಟ್ಟ ದಿನ ಗೋಡೆ, ನಲ್ಲಿ, ಸ್ವಿಚ್ಚುಗಳ ಚಿತ್ರ ತೆಗೆದಿಡುವುದಕ್ಕೆ ಖರ್ಚಿಲ್ಲ. ಹಣ ಬಾರದಿದ್ದಾಗ ಲಿಖಿತ ನೋಟಿಸಿನಲ್ಲಿ ಬಡ್ಡಿಯನ್ನೂ ಕೇಳಬೇಕು. ಬಡ್ಡಿ ಅಧಿನಿಯಮ, 1978ರ ಪ್ರಕಾರ ಹಾಗೆ ಕೇಳಿದ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಬಾಡಿಗೆ ಬಾಕಿಗಾಗಲಿ ಮುಂಗಡಕ್ಕಾಗಲಿ ದಾವೆ ಹೂಡಲು ಇರುವ ಕಾಲಾವಧಿ ಮೂರು ವರ್ಷ.

ಭೋಗ್ಯ

ತಿಂಗಳ ಬಾಡಿಗೆಯಿಲ್ಲದೆ ಒಂದು ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ಎರಡು ಮೂರು ವರ್ಷ ವಾಸವಿದ್ದು, ಬಿಡುವಾಗ ಅಷ್ಟನ್ನೂ ಹಿಂದಕ್ಕೆ ಪಡೆಯುವ ಪದ್ಧತಿಗೆ ಕನ್ನಡದಲ್ಲಿ ಭೋಗ್ಯ ಎನ್ನುತ್ತಾರೆ. ಬೆಂಗಳೂರಿನ ಬೀದಿಗಳಲ್ಲಿ ‘ಲೀಸ್‌ಗೆ ಮನೆ ಇದೆ’ ಎಂಬ ಹಲಗೆ ಸೂಚಿಸುವುದು ಇದನ್ನೇ. ಹಣದ ಬಡ್ಡಿಯು ಬಾಡಿಗೆಗೆ ಸಮ ಎಂಬುದು ಇದರ ತರ್ಕ. ಮಧ್ಯಮ ವರ್ಗದ ಸಂಸಾರಗಳು ಜೀವಮಾನದ ಉಳಿತಾಯವನ್ನು ಇದರಲ್ಲಿ ತೊಡಗಿಸುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು.

ನಿಜಾರ್ಥದ ಭೋಗ್ಯವು ಅಡಮಾನದ ಒಂದು ಬಗೆ (ಆಸ್ತಿ ವರ್ಗಾವಣೆ ಅಧಿನಿಯಮ, ಕಲಂ 58). ಹಣ ತೀರುವವರೆಗೆ ಮನೆ ಸಾಲ ಕೊಟ್ಟವರ ಸ್ವಾಧೀನದಲ್ಲಿರುತ್ತದೆ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಮೊತ್ತದ ಇಂತಹ ಅಡಮಾನವನ್ನು ನೋಂದಾಯಿತ ಪತ್ರದಿಂದಲೇ ಮಾಡಬೇಕು (ಕಲಂ 59). ಆದರೆ ಬಳಕೆಯಲ್ಲಿರುವ ‘ಲೀಸ್’ ಪತ್ರಗಳಲ್ಲಿ ಬಹಳಷ್ಟು ನೋಂದಣಿಯಾಗದ ಸಾದಾ ಕರಾರುಗಳು. ಹತ್ತು ಇಪ್ಪತ್ತು ಲಕ್ಷ ಕೊಟ್ಟವರು ತಮಗೆ ಮನೆಯ ಮೇಲೆಯೇ ಹಕ್ಕಿದೆಯೆಂದು ನಂಬಿರುತ್ತಾರೆ. ಕಾನೂನಿನ ಕಣ್ಣಿನಲ್ಲಿ ಅವರು ಭದ್ರತೆಯಿಲ್ಲದ ಸಾಲಗಾರರಾಗಿ, ಅಂದರೆ ಸಾಲ ಕೊಟ್ಟು ಕೈಯಲ್ಲಿ ಆಧಾರವಿಲ್ಲದವರಾಗಿ ಉಳಿಯಬಹುದು.

ಮನೆಯು ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಅಡಮಾನ ಮಾಡಿದ ಮಾಲೀಕರು ಬ್ಯಾಂಕನ್ನು ಬದ್ಧಗೊಳಿಸುವಂತೆ ಮನೆಯನ್ನು ಗುತ್ತಿಗೆಗೆ ಕೊಡಬೇಕಾದರೆ 65ಎ ಕಲಮಿನ ಷರತ್ತುಗಳನ್ನು ಪಾಲಿಸಬೇಕು: ನ್ಯಾಯವಾಗಿ ಬರಬಹುದಾದ ಉತ್ತಮ ಬಾಡಿಗೆ ಗೊತ್ತಾಗಿರಬೇಕು, ಇಡಿಗಂಟು ಪಡೆಯಬಾರದು, ಬಾಡಿಗೆಯನ್ನು ಮುಂಚಿತವಾಗಿ ಪಡೆಯಬಾರದು, ಕಟ್ಟಡದ ಅವಧಿ ಮೂರು ವರ್ಷ ಮೀರಬಾರದು. ಬಾಡಿಗೆಯೇ ಇಲ್ಲದೆ ಇಡಿಗಂಟನ್ನೇ ಆಧರಿಸಿದ ಭೋಗ್ಯವು ಈ ಅಳತೆಗೆ ಹೊಂದುವುದು ಕಷ್ಟವೆಂದು ಓದಿದ ಕೂಡಲೇ ತಿಳಿಯುತ್ತದೆ. ಸಾಲ ತೀರದಿದ್ದಾಗ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ವಶಪಡಿಸಿಕೊಳ್ಳಬಹುದು. ಬೇಡಿಕೆ ನೋಟಿಸು ತಲುಪಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾಲೀಕರು ಮನೆಯನ್ನು ಗುತ್ತಿಗೆಗೆ ಕೊಡುವಂತೆಯೂ ಇಲ್ಲ. 2014ರ ಹರ್ಷದ್ ಗೋವರ್ಧನ್ ಸೋಂಡಾಗರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಡಮಾನಕ್ಕೆ ಮೊದಲೇ ಆದ, ಅಥವಾ 65ಎ ಕಲಮಿಗೆ ಅನುಗುಣವಾಗಿ ಆದ ಗುತ್ತಿಗೆಗಳಿಗೆ ರಕ್ಷಣೆಯಿದೆಯೆಂದಿತು. 2016ರ ತಿದ್ದುಪಡಿಯಿಂದ ಬಾಡಿಗೆದಾರರು ಸಾಲ ವಸೂಲಾತಿ ನ್ಯಾಯಮಂಡಳಿಯ ಮುಂದೆ ತಮ್ಮ ಹಕ್ಕನ್ನು ಹೇಳಿಕೊಳ್ಳಲು ಅವಕಾಶವಾಗಿದೆ. ಆದರೆ ಆ ರಕ್ಷಣೆ ಬೇಡುವವರ ಕೈಯಲ್ಲಿ ನೋಂದಾಯಿತ ಪತ್ರವಿರಬೇಕು. ಬಾಯಿಮಾತಿನ ಅಥವಾ ನೋಂದಣಿಯಿಲ್ಲದ ಕರಾರನ್ನು ನಂಬಿದವರಿಗೆ ಒಂದು ವರ್ಷಕ್ಕಿಂತ ಹೆಚ್ಚಿನ ಆಸರೆ ದೊರೆಯುವುದಿಲ್ಲ.

ಆದ್ದರಿಂದ ಭೋಗ್ಯಕ್ಕೆ ಹಣ ಕೊಡುವ ಮೊದಲು ಉಪನೋಂದಣಿ ಕಛೇರಿಯಿಂದ ಋಣಭಾರ ಪ್ರಮಾಣಪತ್ರವನ್ನು ಪಡೆಯಬೇಕು. ರಾಜ್ಯದ ಕಾವೇರಿ ಜಾಲತಾಣದಲ್ಲಿಯೂ ಅದು ದೊರೆಯುತ್ತದೆ. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲವು ಅದರಲ್ಲಿ ಯಾವಾಗಲೂ ಕಾಣಿಸದೆ ಇರಬಹುದಾದ್ದರಿಂದ ಮೂಲ ಕ್ರಯಪತ್ರವನ್ನೇ ತೋರಿಸುವಂತೆ ಕೇಳಬೇಕು. ನಕಲು ಮಾತ್ರ ತೋರಿಸಿ ‘ಮೂಲ ಊರಲ್ಲಿದೆ’ ಎನ್ನುವವರಿದ್ದರೆ, ಆ ಊರು ಬ್ಯಾಂಕಿನ ತಿಜೋರಿಯಾಗಿರುವ ಸಂಭವವುಂಟು. ಅಡಮಾನಗಳ ಕೇಂದ್ರ ದಾಖಲೆಯಾದ ಸೆರ್ಸಾಯ್‌ನಲ್ಲಿ ಸಾರ್ವಜನಿಕರೂ ಶುಲ್ಕ ಕೊಟ್ಟು ಹುಡುಕಬಹುದು.

ಸಹವಾಸಿಗಳು

ಬೆಂಗಳೂರು, ಮೈಸೂರುಗಳ ಹಳೆಯ ವಠಾರಗಳಲ್ಲಿ ಅಂಗಳ, ನಲ್ಲಿ, ಬಚ್ಚಲುಗಳನ್ನು ಹಂಚಿಕೊಂಡರೂ ಪ್ರತಿ ಸಂಸಾರಕ್ಕೂ ಬೇರೆ ಬಾಡಿಗೆ, ಬೇರೆ ಬೀಗ ಇರುತ್ತಿತ್ತು. ಇಂದಿನ ಫ್ಲ್ಯಾಟಿನಲ್ಲಿ ಮೂವರು ಅಪರಿಚಿತರು, ಒಂದೇ ಬೀಗ, ಒಂದೇ ಕರಾರು. ವ್ಯಾಜ್ಯದ ಬೀಜ ಇಲ್ಲಿಯೇ ಇದೆ. ಇಲ್ಲಿ ಎರಡು ಪ್ರತ್ಯೇಕ ಒಪ್ಪಂದಗಳಿರುತ್ತವೆ: ಮಾಲೀಕರೊಂದಿಗಿನದು ಒಂದು, ಸಹವಾಸಿಗಳ ನಡುವಿನದು ಇನ್ನೊಂದು. ಎರಡನೆಯದನ್ನು ಬರೆದಿಡುವವರು ವಿರಳ.

ಮೂವರ ಹೆಸರೂ ಕರಾರಿನಲ್ಲಿದ್ದರೆ ಅವರು ಜಂಟಿ ವಾಗ್ದಾನಿಗಳು. ಕರಾರು ಅಧಿನಿಯಮದ 43ನೆಯ ಕಲಮಿನಂತೆ, ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ, ಮಾಲೀಕರು ಇಡೀ ಬಾಡಿಗೆಯನ್ನು ಅವರಲ್ಲಿ ಯಾರೊಬ್ಬರಿಂದಲೂ ಕೇಳಬಹುದು. ಬಾಡಿಗೆ 24,000 ರೂಪಾಯಿ, ತಲಾ ಪಾಲು 8,000 ಎಂದಿಟ್ಟುಕೊಳ್ಳೋಣ. ಒಬ್ಬರು ಹೇಳದೆ ಕೇಳದೆ ಊರಿಗೆ ಹೋದರೆ, ‘ನಮ್ಮ ಪಾಲು 16,000 ಮಾತ್ರ’ ಎಂದು ಉಳಿದಿಬ್ಬರು ಮಾಲೀಕರಿಗೆ ಹೇಳಲಾಗದು. ಪೂರ್ತಿ ಕೊಟ್ಟು, ಹೋದವರಿಂದ 8,000 ವಸೂಲು ಮಾಡಿಕೊಳ್ಳುವ ಹಕ್ಕು ಅವರಿಗಿದೆ. ಅವರು ಸಿಕ್ಕದಿದ್ದರೆ ಆ ನಷ್ಟವನ್ನು ಇಬ್ಬರೂ ಸಮವಾಗಿ, ತಲಾ 4,000ದಂತೆ ಭರಿಸಬೇಕು. ಮಾಲೀಕರು ಒಬ್ಬರನ್ನು ಹೊಣೆಯಿಂದ ಬಿಡುಗಡೆ ಮಾಡಿದರೂ ಉಳಿದವರ ಹೊಣೆ ತಪ್ಪುವುದಿಲ್ಲ (ಕಲಂ 44).

ಮುಂಗಡದ ಪಾಲೂ ಹಾಗೆಯೇ. ಮಾಲೀಕರು ಅದನ್ನು ಇಡೀ ಮನೆಗೆ ಪಡೆದಿರುವುದರಿಂದ, ನಡುವೆ ಬಿಟ್ಟುಹೋಗುವ ಒಬ್ಬರಿಗೆ ಅವರ ಪಾಲನ್ನು ಕೊಡಲು ಬದ್ಧರಲ್ಲ. ಹೊಸದಾಗಿ ಬರುವವರು ಹೋಗುವವರಿಗೆ ಕೊಡುವುದು ವಾಡಿಕೆ. ಈ ವಾಡಿಕೆಯಲ್ಲಿ ಹಾನಿಗೆ ಗುರಿಯಾಗುವವರು ಹೊಸಬರು: ಹಣ ಕೊಟ್ಟಿರುತ್ತಾರೆ, ಆದರೆ ಮಾಲೀಕರ ದಾಖಲೆಯಲ್ಲಿ ಅವರ ಹೆಸರಿರುವುದಿಲ್ಲ. ಮೂರು ಸಾಲಿನ ಪತ್ರವೊಂದಕ್ಕೆ ಹೋಗುವವರು, ಬರುವವರು, ಮಾಲೀಕರು ಮೂವರೂ ಸಹಿ ಹಾಕಿದರೆ ಈ ತೊಡಕು ಪರಿಹಾರವಾಗುತ್ತದೆ.

ಕರಾರಿನಲ್ಲಿ ಒಬ್ಬರ ಹೆಸರು ಮಾತ್ರ ಇದ್ದರೆ ಚಿತ್ರವೇ ಬೇರೆ. ಮಾಲೀಕರಿಗೆ ಬಾಡಿಗೆಯ ಹೊಣೆ ಅವರೊಬ್ಬರದೇ. ಉಳಿದವರು ಅವರ ಅನುಮತಿಯಿಂದ ಇರುವವರು. ಅವರ ಗುತ್ತಿಗೆ ಮುಗಿದ ದಿನ ಇವರ ಹಕ್ಕೂ ಮುಗಿಯುತ್ತದೆ. ಇದು ಒಳಬಾಡಿಗೆಯಾಗುವುದೇ ಎಂಬ ಪ್ರಶ್ನೆಯೂ ಏಳುತ್ತದೆ. ಸ್ವಾಧೀನವನ್ನು ಪೂರ್ತಿ ಬಿಟ್ಟುಕೊಟ್ಟರೆ ಒಳಬಾಡಿಗೆ. ತಾನೂ ಇದ್ದುಕೊಂಡು ಇನ್ನೊಬ್ಬರನ್ನು ಇರಿಸಿಕೊಂಡ ಮಾತ್ರಕ್ಕೆ ಅಲ್ಲ ಎಂಬುದು ನ್ಯಾಯಾಲಯಗಳು ಅನುಸರಿಸಿರುವ ತತ್ತ್ವ. ಆದರೂ ಕರಾರಿನಲ್ಲಿ ಇಂತಿಷ್ಟೇ ಜನ ಇರತಕ್ಕದ್ದೆಂದು ಬರೆದಿದ್ದರೆ ಅದನ್ನು ಮೀರುವುದು ಕರಾರು ಭಂಗ.

ವಿದ್ಯುತ್ತು, ನೀರು, ಅಂತರಜಾಲ, ಮನೆಕೆಲಸದವರ ಸಂಬಳ ಇವುಗಳನ್ನು ಒಬ್ಬರೇ ಕಟ್ಟುತ್ತ ಬಂದಿದ್ದರೆ, ಇತರರ ಪಾಲನ್ನು ಕೇಳಲು ಕರಾರು ಅಧಿನಿಯಮದ 69 ಮತ್ತು 70ನೆಯ ಕಲಂಗಳು ನೆರವಿಗೆ ಬರಬಹುದು. ಮೊತ್ತ ಚಿಕ್ಕದಾದ್ದರಿಂದ ನ್ಯಾಯಾಲಯದ ಮಾತಿಗಿಂತ ಬ್ಯಾಂಕು ವರ್ಗಾವಣೆಯ ದಾಖಲೆ ಮತ್ತು ಸಂದೇಶಗಳೇ ಹೆಚ್ಚು ಕೆಲಸ ಮಾಡುತ್ತವೆ. ಸಹವಾಸಿಯ ಸಾಮಾನನ್ನು ಬಾಕಿಗಾಗಿ ಹಿಡಿದಿಟ್ಟುಕೊಳ್ಳುವುದು ಮಾತ್ರ ಕೂಡದು. ಸಾಲ ನಿಜವಾದರೂ ಈ ವಸೂಲಿ ಮಾರ್ಗ ಕಾನೂನುಬಾಹಿರ.

ಮನೆ ಬಿಡಿಸುವುದು

ಕರಾರು ಮುಗಿದಿದ್ದರೂ, ಬಾಡಿಗೆ ಬಾಕಿಯಿದ್ದರೂ, ಬಾಡಿಗೆದಾರರನ್ನು ಬಲವಂತದಿಂದ ಹೊರಹಾಕುವ ಅಧಿಕಾರ ಮಾಲೀಕರಿಗಿಲ್ಲ. ಕರ್ನಾಟಕದಿಂದ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣದಲ್ಲಿ (2004ರಲ್ಲಿ ವರದಿಯಾದುದು) ನೆಲೆಗೊಂಡ ಸ್ವಾಧೀನದಲ್ಲಿರುವವರನ್ನು ನಿಜವಾದ ಮಾಲೀಕರೂ ಕಾನೂನಿನ ಕ್ರಮದಿಂದಲೇ ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದು ನೆರೆಹೊರೆಯವರ ಗಡಿ ಜಗಳವಾಗಿದ್ದರೂ ತತ್ತ್ವವು ಬಾಡಿಗೆ ಮನೆಗೂ ಸಲ್ಲುತ್ತದೆ. ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 6ನೆಯ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಈ ದಾವೆಯಲ್ಲಿ ಮಾಲೀಕತ್ವದ ಪ್ರಶ್ನೆಯೇ ಏಳುವುದಿಲ್ಲ.

ವಿದ್ಯುತ್ತು ಅಥವಾ ನೀರನ್ನು ನಿಲ್ಲಿಸಿ ಮನೆ ಬಿಡಿಸುವ ಯತ್ನವೂ ಸಲ್ಲದು. ವಿದ್ಯುತ್ತು ಮೂಲಭೂತ ಸೌಕರ್ಯ, ಮಾಲೀಕರು ನಿರಾಕ್ಷೇಪಣಾ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿದೆ. ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ಪಡೆಯಬಹುದು. ಮನೆಗೆ ಬಾರದಂತೆ ದಾರಿಗಟ್ಟಿದರೆ ಅದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 126ನೆಯ ಕಲಮಿನ ಅಕ್ರಮ ತಡೆ ಆಗಬಹುದು. ಮುಂಗಡದ ದೂರುಗಳನ್ನು ಪೊಲೀಸರು ‘ಸಿವಿಲ್ ವಿಷಯ’ ಎಂದು ಹಿಂದಿರುಗಿಸುವುದುಂಟು, ಬಹುತೇಕ ಅದು ಸರಿಯೂ ಹೌದು. ಬೀಗ ಜಡಿದ ದೂರನ್ನು ಹಾಗೆ ಹಿಂದಿರುಗಿಸಲಾಗದು.

ಮಾಲೀಕರ ಕಷ್ಟವನ್ನೂ ಹೇಳಬೇಕು. ನಿವೃತ್ತಿಯ ಹಣದಲ್ಲಿ ಮಹಡಿಯ ಮೇಲೊಂದು ಮನೆ ಕಟ್ಟಿ, ಅದರ ಬಾಡಿಗೆಯಿಂದಲೇ ಔಷಧಿಯ ಖರ್ಚು ತೂಗಿಸುವವರು ಅನೇಕ. ಬಾಡಿಗೆದಾರರು ಕದಲದಿದ್ದರೆ ಅವರಿಗೆ ಉಳಿದಿರುವುದು ನೋಟಿಸು, ನಂತರ ದಾವೆ. ಅದರ ತೀರ್ಪಿಗೆ ವರ್ಷಗಳು ಹಿಡಿಯಬಹುದು. ಅವಧಿ ಮೀರಿ ಉಳಿದ ದಿನಗಳಿಗೆ ಆ ಪ್ರದೇಶದ ಚಾಲ್ತಿ ದರದಲ್ಲಿ ಪರಿಹಾರ ಕೇಳಬಹುದು. ನೋಟಿಸಿನ ಅವಧಿ ಒಂದೆರಡು ದಿನ ಕಡಿಮೆಯಾಯಿತೆಂಬ ಕಾರಣಕ್ಕೆ ದಾವೆ ಬಿದ್ದುಹೋಗುತ್ತಿದ್ದ ಕಾಲವೊಂದಿತ್ತು. 106ನೆಯ ಕಲಮಿಗೆ 2002ರ ಕೊನೆಯಿಂದ ಜಾರಿಗೆ ಬಂದ ತಿದ್ದುಪಡಿಯು ಆ ತಾಂತ್ರಿಕ ತಡೆಯನ್ನು ಬಹುಮಟ್ಟಿಗೆ ನಿವಾರಿಸಿದೆ.

ಪರಿಹಾರದ ಮಾರ್ಗಗಳು

ಬೆಂಗಳೂರಿನಲ್ಲಿ ಬಾಡಿಗೆದಾರರನ್ನು ತೆರವುಗೊಳಿಸುವ ದಾವೆಗಳು ಸಾಮಾನ್ಯವಾಗಿ ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಹೋಗುತ್ತವೆ. ಆದರೆ ಮುಂಗಡ ಮತ್ತು ಸಹವಾಸಿಗಳ ಲೆಕ್ಕದಂತಹ ವಿಷಯಗಳಿಗೆ ದಾವೆಗಿಂತ ಲೋಕ ಅದಾಲತ್ ಹೆಚ್ಚು ಅನುಕೂಲ. ದಾವೆ ಹೂಡುವ ಮೊದಲೇ ಅಲ್ಲಿ ಅರ್ಜಿ ಸಲ್ಲಿಸಬಹುದು, ಶುಲ್ಕವಿಲ್ಲ, ರಾಜಿಯಾದರೆ ಅದು ನ್ಯಾಯಾಲಯದ ಡಿಕ್ರಿಗೆ ಸಮಾನ, ಅದರ ಮೇಲೆ ಮೇಲ್ಮನವಿಯಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವನ್ನು ಪಡೆಯಬಹುದು. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಛೇರಿಯಿದ್ದು, ದೂರವಾಣಿ ಸಹಾಯವಾಣಿ 15100. ಅರ್ಜಿಯೊಡನೆ ಕರಾರು ಪತ್ರ, ಹಣ ವರ್ಗಾವಣೆಯ ದಾಖಲೆ, ಕಳುಹಿಸಿದ ನೋಟಿಸಿನ ಪ್ರತಿ ಮತ್ತು ಅಂಚೆ ರಸೀತಿಯನ್ನು ಲಗತ್ತಿಸಬೇಕು.